ಒಂದೇ ಹೆಸರಿನ ಬೇರೆ ಬೇರೆ ಗಾಡಿಗಳು: ಹಿಮಾಲಯನ್ 411, ಸ್ಕ್ರ್ಯಾಮ್ ಮತ್ತು 450ನ್ನು ಗುರುತಿಸಿ ಆರಿಸುವ ಬಗೆ

ತುಮಕೂರಿನ ಯಾವುದಾದರೂ ಸೆಕೆಂಡ್ ಹ್ಯಾಂಡ್ ಬೈಕ್ ಅಂಗಡಿಗೆ ಹೋಗಿ ಹಿಮಾಲಯನ್ ತೋರಿಸಿ ಎಂದು ಕೇಳಿದರೆ, ಅಲ್ಲಿ ನಿಂತಿರುವ ಮೂರು ನಾಲ್ಕು ಗಾಡಿಗಳು ಹೊರನೋಟಕ್ಕೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಎತ್ತರದ ಮುಂಚಕ್ರ, ಗುಂಡನೆಯ ಹೆಡ್‌ಲೈಟ್, ಟ್ಯಾಂಕಿನ ಎರಡೂ ಬದಿಗೆ ಕಬ್ಬಿಣದ ಕಂಬಿ, ಹಿಂದೆ ಸಾಮಾನು ಕಟ್ಟಲು ಕ್ಯಾರಿಯರ್, ಇಷ್ಟು ಎಲ್ಲದರಲ್ಲೂ ಇರುತ್ತದೆ. ಆದರೆ ಅವುಗಳಲ್ಲಿ ಒಂದು ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಹಳೆಯ ಬಗೆಯ ಕಾರ್ಬ್ಯುರೇಟರಿನದಾಗಿರಬಹುದು, ಇನ್ನೊಂದಕ್ಕೆ ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇಲ್ಲದಿರಬಹುದು, ಮತ್ತೊಂದು ಬೇರೆಯದೇ ಎಂಜಿನ್ನಿನ 450 ಆಗಿರಬಹುದು. ಹೆಸರು ಒಂದೇ ಎಂಬ ಕಾರಣಕ್ಕೆ ಇವನ್ನೆಲ್ಲ ಒಂದೇ ಗಾಡಿಯ ಹಳತು ಹೊಸತು ಎಂದು ತಿಳಿದು, ವರ್ಷಕ್ಕೆ ಇಷ್ಟು ಎಂದು ಬೆಲೆ ಕಳೆಯುತ್ತಾ ಹೋಗುವುದು ನಮ್ಮಲ್ಲಿ ನಡೆದುಬಂದ ರೂಢಿ. ಆ ಲೆಕ್ಕ ಹಿಮಾಲಯನ್‌ಗೆ ಹೊಂದುವುದಿಲ್ಲ. ಮುಂದೆ ನಿಂತಿರುವುದು ಯಾವ ಕಾಲದ ಯಾವ ಗಾಡಿ ಎಂಬುದನ್ನು ಮೊದಲು ಖಚಿತಪಡಿಸಿಕೊಂಡು, ನಂತರ ನೀವು ಹೆಚ್ಚಾಗಿ ಓಡಿಸುವ ರಸ್ತೆಯನ್ನು ಮುಂದಿಟ್ಟುಕೊಂಡು ಆರಿಸಬೇಕು. ಬೆಲೆಯ ಮಾತು ಆಮೇಲಿನದು.

ರಾಯಲ್ ಎನ್‌ಫೀಲ್ಡ್ ಕಂಪನಿಯು ಮೊದಲ ಹಿಮಾಲಯನ್ ಅನ್ನು 2016ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿತು. ಗಾಳಿ ಮತ್ತು ಆಯಿಲ್‌ನಿಂದ ತಣ್ಣಗಾಗುವ 411 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್, ಐದು ಗೇರ್, ಮುಂದೆ 21 ಇಂಚು ಹಿಂದೆ 17 ಇಂಚಿನ ಚಕ್ರ, 15 ಲೀಟರಿನ ಟ್ಯಾಂಕ್, 800 ಮಿಲಿಮೀಟರ್ ಎತ್ತರದ ಸೀಟು ಅದರ ಮುಖ್ಯ ಲಕ್ಷಣಗಳು. 2022ರ ಮಾರ್ಚ್‌ನಲ್ಲಿ ಇದೇ ಎಂಜಿನ್ ಮತ್ತು ಚಾಸಿ ಇಟ್ಟುಕೊಂಡು ಸ್ಕ್ರ್ಯಾಮ್ 411 ಬಂತು. 2023ರ ನವೆಂಬರಿನಲ್ಲಿ ಹೊಸ ಹಿಮಾಲಯನ್ 450 ಬಂದ ಮೇಲೆ ಹಳೆಯ 411 ನಮ್ಮ ಶೋರೂಮುಗಳಿಂದ ಹಿಂದೆ ಸರಿಯಿತು. ಆದ್ದರಿಂದ ಇಂದು 411 ಬೇಕೆನ್ನುವವರು ಸೆಕೆಂಡ್ ಹ್ಯಾಂಡ್‌ನಲ್ಲೇ ಹುಡುಕಬೇಕು, ಹುಡುಕುವಾಗ ಏಳು ವರ್ಷಗಳ ಬದಲಾವಣೆಗಳ ಪರಿಚಯ ಇಟ್ಟುಕೊಂಡಿರಬೇಕು.

411ರ ಒಳಗಿನ ಮೂರು ಕಾಲ

ಮೊದಲನೆಯದು 2016ರಿಂದ 2017ರ ಮಾರ್ಚ್‌ವರೆಗಿನ ಬಿಎಸ್-3 ಗಾಡಿ (ಬಿಎಸ್ ಎಂದರೆ ಭಾರತ್ ಸ್ಟೇಜ್, ವಾಹನದ ಹೊಗೆಗೆ ಸರ್ಕಾರ ಇಟ್ಟಿರುವ ಮಿತಿ). ಸುಪ್ರೀಂ ಕೋರ್ಟ್ ಆದೇಶದಂತೆ 2017ರ ಏಪ್ರಿಲ್ 1ರಿಂದ ಬಿಎಸ್-3 ವಾಹನಗಳ ಮಾರಾಟ ನಿಂತುಹೋದ ಕಾರಣ, ಕಾರ್ಬ್ಯುರೇಟರ್ ಇರುವ ಹಿಮಾಲಯನ್ ಆ ದಿನಾಂಕಕ್ಕೆ ಮುಂಚೆ ಮಾರಾಟವಾದದ್ದೇ ಆಗಿರುತ್ತದೆ. ಇದನ್ನು ಗುರುತಿಸಲು ಎಂಜಿನ್ ಸ್ಟಾರ್ಟ್ ಮಾಡುವ ಅಗತ್ಯವೂ ಇಲ್ಲ. ಸುತ್ತ ಸದ್ದಿಲ್ಲದ ಕಡೆ ನಿಂತು ಕೀ ತಿರುಗಿಸಿ, ಕಿಲ್ ಸ್ವಿಚ್ ಆನ್ ಮಾಡಿ, ಕಿವಿಯನ್ನು ಟ್ಯಾಂಕಿನ ಹತ್ತಿರ ತನ್ನಿ. ಕಾರ್ಬ್ಯುರೇಟರಿನ ಬದಲು ಎಲೆಕ್ಟ್ರಾನಿಕ್ ಆಗಿ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಷನ್ ಗಾಡಿಯಾದರೆ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪು ಒಂದೆರಡು ಸೆಕೆಂಡು ಸಣ್ಣಗೆ ಗುಂಯ್‌ಗುಟ್ಟಿ ನಿಲ್ಲುತ್ತದೆ, ಮೀಟರಿನಲ್ಲಿ ಎಂಜಿನ್ ಚಿತ್ರದ ದೀಪ ಹೊತ್ತಿಕೊಳ್ಳುತ್ತದೆ. ಕಾರ್ಬ್ಯುರೇಟರ್ ಗಾಡಿಯಲ್ಲಿ ಇವೆರಡೂ ಇರುವುದಿಲ್ಲ. ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಸದಾ ಉರಿಯುತ್ತಿರಬೇಕೆಂಬ ನಿಯಮವೂ 2017ರ ಏಪ್ರಿಲ್‌ನಿಂದಲೇ ಜಾರಿಗೆ ಬಂದದ್ದರಿಂದ, ಆಮೇಲಿನ ಗಾಡಿಗಳಲ್ಲಿ ಹೆಡ್‌ಲೈಟ್ ಆರಿಸುವ ಸ್ವಿಚ್ ಇರದು.

ಕಾರ್ಬ್ಯುರೇಟರ್ ಗಾಡಿಯನ್ನು ಊರಿನ ಯಾವ ಮೆಕ್ಯಾನಿಕ್ಕಾದರೂ ಬಿಚ್ಚಿ ಕಟ್ಟಬಲ್ಲ ಎಂಬುದು ಅದರ ದೊಡ್ಡ ಗುಣ. ಹಾಗಿದ್ದೂ ನಾನು ಇದನ್ನು ದೂರದ ಪ್ರವಾಸಕ್ಕೆ ಶಿಫಾರಸು ಮಾಡಲಾರೆ. ಹತ್ತು ವರ್ಷ ತುಂಬುತ್ತಿರುವ ಈ ಗಾಡಿಗಳಿಗೆ ಎಬಿಎಸ್ ಇಲ್ಲ. ಜೊತೆಗೆ ಈಗ ಬಂಕುಗಳಲ್ಲಿ ಸಿಗುವ 20 ಶೇಕಡಾ ಎಥೆನಾಲ್ ಬೆರೆತ ಪೆಟ್ರೋಲ್‌ಗೆ ಹೊಂದುವ ರಬ್ಬರ್ ಮತ್ತು ಸೀಲುಗಳನ್ನು ಹಾಕಬೇಕೆಂಬ ನಿಯಮ ಬಂದದ್ದು 2023ರ ಏಪ್ರಿಲ್‌ನಲ್ಲಿ. ಅದಕ್ಕೂ ಹಿಂದಿನ ಯಾವ ಗಾಡಿ ಕೊಂಡರೂ ಪೆಟ್ರೋಲ್ ಪೈಪುಗಳು ಬಿರಿದಿವೆಯೇ, ಮೆತ್ತಗಾಗಿವೆಯೇ ಎಂದು ಬೆರಳಿನಿಂದ ಹಿಸುಕಿ ನೋಡಬೇಕು. ಕಾರ್ಬ್ಯುರೇಟರ್ ಗಾಡಿಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಎರಡನೆಯದು 2017ರಿಂದ 2020ರ ಮಾರ್ಚ್‌ವರೆಗಿನ ಬಿಎಸ್-4 ಗಾಡಿ. ಗೊಂದಲ ಹೆಚ್ಚು ಇರುವುದು ಇಲ್ಲೇ, ಏಕೆಂದರೆ ಇದರೊಳಗೆ ಮತ್ತೆ ಎರಡು ಬಗೆಗಳಿವೆ. 2018ರ ಸೆಪ್ಟೆಂಬರಿನ ಹೊತ್ತಿಗೆ ಹಿಮಾಲಯನ್‌ಗೆ ಎರಡೂ ಚಕ್ರಕ್ಕೆ ಎಬಿಎಸ್ ಬಂತು, 2019ರ ಏಪ್ರಿಲ್‌ನಿಂದ 125 ಸಿಸಿಗೆ ಮೇಲ್ಪಟ್ಟ ಎಲ್ಲ ಹೊಸ ಬೈಕುಗಳಿಗೂ ಅದು ಕಡ್ಡಾಯವಾಯಿತು. ಆದ್ದರಿಂದ ‘2018ರ ಮಾಡೆಲ್’ ಎಂದು ಹೇಳಿದರೆ ಎಬಿಎಸ್ ಇದ್ದರೂ ಇರಬಹುದು, ಇಲ್ಲದಿದ್ದರೂ ಇಲ್ಲದಿರಬಹುದು. ಮುಂಚಕ್ರದ ಡಿಸ್ಕಿನ ಒಳಬದಿಗೆ ಸಣ್ಣ ಕಿಂಡಿಗಳನ್ನು ಕೊರೆದ ಇನ್ನೊಂದು ಉಂಗುರ ಇದೆಯೇ, ಅದರ ಪಕ್ಕಕ್ಕೆ ಫೋರ್ಕಿನಿಂದ ಇಳಿದು ಬಂದ ತೆಳು ವೈರು ಇದೆಯೇ ನೋಡಿ. ಇವೆರಡೂ ಇದ್ದರೆ ಎಬಿಎಸ್ ಗಾಡಿ. ಕೀ ಹಾಕಿದಾಗ ಮೀಟರಿನಲ್ಲಿ ಎಬಿಎಸ್ ದೀಪ ಹೊತ್ತಿ, ಗಾಡಿ ಸ್ವಲ್ಪ ಚಲಿಸಿದ ಮೇಲೆ ಆರಬೇಕು. ದೀಪ ಹೊತ್ತುವುದೇ ಇಲ್ಲವೆಂದರೆ ಯಾರೋ ಅದನ್ನು ಬಿಚ್ಚಿಹಾಕಿದ್ದಾರೆಂದು ತಿಳಿಯಬೇಕು. ಆರದೇ ಉರಿಯುತ್ತಲೇ ಇದ್ದರೆ ಸೆನ್ಸರ್ ಅಥವಾ ವೈರಿಂಗ್ ಕೆಟ್ಟಿರುತ್ತದೆ.

ಮೂರನೆಯದು 2020ರ ಜನವರಿಯಿಂದ 2023ರವರೆಗಿನ ಬಿಎಸ್-6 ಗಾಡಿ. ಇಲ್ಲಿ ಹಿಂಚಕ್ರದ ಎಬಿಎಸ್ ಅನ್ನು ಬೇಕಾದಾಗ ಆಫ್ ಮಾಡುವ ಗುಂಡಿ ಬಂತು, ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗಿಸುವ ಹಜಾರ್ಡ್ ಸ್ವಿಚ್ ಬಂತು. ಈ ಎರಡು ಗುಂಡಿಗಳಿದ್ದರೆ ಅದು ಬಿಎಸ್-6 ಎಂಬುದರಲ್ಲಿ ಸಂಶಯ ಬೇಡ. 2021ರ ಫೆಬ್ರುವರಿಯಲ್ಲಿ ಮೀಟರಿನ ಪಕ್ಕಕ್ಕೆ ದಾರಿ ತೋರಿಸುವ ‘ಟ್ರಿಪ್ಪರ್’ ಎಂಬ ಪುಟ್ಟ ದುಂಡು ಪರದೆಯನ್ನು ಸೇರಿಸಲಾಯಿತು. ಆದರೆ ಟ್ರಿಪ್ಪರ್ ಇಲ್ಲದ್ದೆಲ್ಲ 2020ರ ಗಾಡಿ ಎಂದು ತಿಳಿಯುವಂತಿಲ್ಲ, ಏಕೆಂದರೆ 2022ರಲ್ಲಿ ಅದನ್ನು ಐಚ್ಛಿಕಗೊಳಿಸಲಾಯಿತು. 2021ರ ಬದಲಾವಣೆಯನ್ನು ಹಿಡಿಯಲು ಟ್ಯಾಂಕಿನ ಪಕ್ಕದ ಕಂಬಿಯನ್ನು ಗಮನಿಸುವುದು ವಾಸಿ. ಹಳೆಯ ಗಾಡಿಗಳಲ್ಲಿ ಎತ್ತರದ ಸವಾರರ ಮೊಣಕಾಲು ಆ ಕಂಬಿಗೆ ತಗಲುತ್ತಿತ್ತು, ಉದ್ದದ ಪಯಣದಲ್ಲಿ ಅದು ನಿಜವಾದ ಹಿಂಸೆ. 2021ರಲ್ಲಿ ಕಂಬಿಯ ಆಕಾರ ಬದಲಿಸಿ ಕಾಲಿಗೆ ಜಾಗ ಮಾಡಿಕೊಟ್ಟರು, ಗಾಳಿತಡೆಯ ಗಾಜನ್ನೂ ಎತ್ತರಿಸಿದರು. ನಿಮ್ಮ ಎತ್ತರ ಐದೂ ಮುಕ್ಕಾಲು ಅಡಿಗಿಂತ ಹೆಚ್ಚಿದ್ದರೆ ಹಳೆಯ ಕಂಬಿಯ ಗಾಡಿಯಲ್ಲಿ ಹತ್ತು ನಿಮಿಷ ಕುಳಿತು ನೋಡದೆ ಮುಂಗಡ ಕೊಡಬೇಡಿ.

ಬಣ್ಣವೂ ಒಂದು ಸುಳಿವು. ಮೊದಲು ಬಂದದ್ದು ಕಪ್ಪು ಮತ್ತು ಬಿಳಿ ಮಾತ್ರ. ಬೂದುಬಣ್ಣದ ಮರೆಮಾಚು ಚಿತ್ತಾರದ ‘ಸ್ಲೀಟ್’ ಬಂದದ್ದು 2018ರಲ್ಲಿ, ನೀಲಿ ಮತ್ತು ಕೆಂಪು 2020ರಲ್ಲಿ, ಪೈನ್ ಹಸಿರು 2021ರಲ್ಲಿ. ಟ್ಯಾಂಕ್ ಬದಲಿಸುವುದು, ಪೇಂಟ್ ಹೊಡೆಸುವುದು ಕಷ್ಟವಲ್ಲದ ಕಾರಣ ಬಣ್ಣವೊಂದನ್ನೇ ನಂಬುವ ಹಾಗಿಲ್ಲ. ಆರ್‌ಸಿಯಲ್ಲಿ ತಯಾರಾದ ತಿಂಗಳು ಮತ್ತು ವರ್ಷ, ಬಣ್ಣ, ಯಾವ ಬಿಎಸ್ ಎಂಬುದು ನಮೂದಾಗಿರುತ್ತವೆ. ಕಣ್ಣೆದುರಿನ ಗಾಡಿಯೂ ಆ ಬರಹವೂ ತಾಳೆಯಾಗಬೇಕು. 2018ರ ಆರ್‌ಸಿ ಇರುವ ಗಾಡಿ ಹಸಿರು ಬಣ್ಣದಲ್ಲಿದ್ದರೆ ಅದಕ್ಕೆ ಕಾರಣ ಕೇಳುವ ಹಕ್ಕು ನಿಮಗಿದೆ, ಅನೇಕ ಬಾರಿ ಉತ್ತರದಲ್ಲಿ ಒಂದು ಅಪಘಾತ ಅಡಗಿರುತ್ತದೆ.

ಸ್ಕ್ರ್ಯಾಮ್ ಬೇರೆ ಏಕೆ

ಸ್ಕ್ರ್ಯಾಮ್ 411ನ್ನು ಗುರುತಿಸುವುದು ಸುಲಭ. ಗಾಳಿತಡೆಯ ಗಾಜಿಲ್ಲ, ಟ್ಯಾಂಕಿನ ಕಂಬಿಯ ಬದಲು ಬದಿಗೆ ಚಿಕ್ಕ ಫಲಕ, ಎರಡು ತುಂಡಿನ ಸೀಟಿನ ಜಾಗದಲ್ಲಿ ಒಂದೇ ಸೀಟು, ಪಕ್ಕಕ್ಕೆ ಸರಿದ ಒಂದೇ ಮೀಟರು. ಇವೆಲ್ಲ ಅಲಂಕಾರದ ಮಾತು. ನಿಜವಾದ ವ್ಯತ್ಯಾಸ ಮುಂಚಕ್ರದಲ್ಲಿದೆ. ಹಿಮಾಲಯನ್‌ನ 21 ಇಂಚಿನ ಜಾಗದಲ್ಲಿ ಸ್ಕ್ರ್ಯಾಮ್‌ಗೆ 19 ಇಂಚಿನದು ಇದೆ, ಟೈರು ತುಸು ಅಗಲ. ನೆಲದಿಂದ ಎತ್ತರ 220ರಿಂದ 200 ಮಿಲಿಮೀಟರಿಗೆ ಇಳಿದಿದೆ, ತೂಕ 199ರಿಂದ 185 ಕಿಲೋಗೆ ಇಳಿದಿದೆ. ಇದರ ಫಲ ಪೇಟೆಯಲ್ಲಿ ಕೂಡಲೇ ಗೊತ್ತಾಗುತ್ತದೆ; ಗುಬ್ಬಿ ಗೇಟ್ ಬಳಿಯ ದಟ್ಟಣೆಯಲ್ಲಿ ಸ್ಕ್ರ್ಯಾಮ್ ಚುರುಕಾಗಿ ತಿರುಗುತ್ತದೆ, ಹಿಮಾಲಯನ್ ಸ್ವಲ್ಪ ಸಾವಧಾನ ಬೇಡುತ್ತದೆ. ಅದೇ ಕಲ್ಲು ಕಿತ್ತುಬಂದ ಹಳ್ಳಿಯ ದಾರಿಯಲ್ಲಿ ದೊಡ್ಡ ಚಕ್ರ ಗುಂಡಿಯನ್ನು ದಾಟಿಕೊಂಡು ಹೋಗುವ ರೀತಿ ಚಿಕ್ಕದಕ್ಕೆ ಬರುವುದಿಲ್ಲ.

2025ರ ಜನವರಿಯಲ್ಲಿ ಬಂದ ಸ್ಕ್ರ್ಯಾಮ್ 440 ಇದೇ ಎಂಜಿನ್ನನ್ನು 443 ಸಿಸಿಗೆ ಹಿಗ್ಗಿಸಿ ಆರನೆಯ ಗೇರ್ ಸೇರಿಸಿದ ಗಾಡಿ. ಅದರ ‘ಫೋರ್ಸ್’ ಬಗೆಗೆ ಅಲಾಯ್ ಚಕ್ರವೂ ಟ್ಯೂಬ್‌ಲೆಸ್ ಟೈರೂ ಇವೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ 411ಕ್ಕೆ ಇನ್ನೊಂದು ಗೇರ್ ಇದ್ದಿದ್ದರೆ ಎಂದು ಅನ್ನಿಸಿದವರಿಗೆ ಇದು ಸರಿಯಾದ ಉತ್ತರ. ಆದರೆ ಗಾಳಿತಡೆಯಿಲ್ಲದೆ, ಸಾಮಾನು ಹೊರುವ ಏರ್ಪಾಟಿಲ್ಲದೆ ಬರುವ ಸ್ಕ್ರ್ಯಾಮ್ ಅನ್ನು ಪ್ರವಾಸದ ಗಾಡಿಯಾಗಿಸಲು ಎಲ್ಲವನ್ನೂ ಹೊರಗಿನಿಂದ ಕೂಡಿಸಬೇಕಾಗುತ್ತದೆ. ಅಷ್ಟು ಖರ್ಚಿನ ನಂತರ ಅದು ಹಿಮಾಲಯನ್‌ನ ಹತ್ತಿರಕ್ಕಷ್ಟೇ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

450: ಹೆಸರು ಮಾತ್ರ ಹಳೆಯದು

ಹಿಮಾಲಯನ್ 450ರಲ್ಲಿ 411ರ ಎಂಜಿನ್ನಿನ ಭಾಗ ಒಂದೂ ಇಲ್ಲ. 452 ಸಿಸಿಯ ಇದರ ಎಂಜಿನ್ ನೀರಿನಿಂದ, ಅಂದರೆ ಕೂಲಂಟ್‌ನಿಂದ, ತಣ್ಣಗಾಗುವಂಥದ್ದು. ಮುಂಚಕ್ರದ ಹಿಂದೆ ನಿಂತಿರುವ ರೇಡಿಯೇಟರ್ ಇದರ ಮೊದಲ ಗುರುತು. ಮುಂದಿನ ಫೋರ್ಕಿನ ದಪ್ಪ ಭಾಗ ಮೇಲಿರುತ್ತದೆ, 411ರಲ್ಲಿ ಅದು ಕೆಳಗಿರುತ್ತದೆ. ಹಿಂದಿನಿಂದ ನೋಡಿದರೆ 450ಕ್ಕೆ ಪ್ರತ್ಯೇಕ ಟೇಲ್ ಲೈಟ್ ಇಲ್ಲ, ಎರಡು ಇಂಡಿಕೇಟರ್‌ಗಳೇ ಆ ಕೆಲಸವನ್ನೂ ಮಾಡುತ್ತವೆ. ಮೀಟರಿನ ಜಾಗದಲ್ಲಿ ನಾಲ್ಕು ಇಂಚಿನ ದುಂಡು ಪರದೆ, ಫೋನಿಗೆ ಜೋಡಿಸಿದರೆ ಅದರಲ್ಲೇ ಗೂಗಲ್ ಮ್ಯಾಪ್ ಕಾಣುತ್ತದೆ.

411 ಕೊಡುವುದು ಸುಮಾರು 24.5 ಪಿಎಸ್ ಶಕ್ತಿ, 450 ಕೊಡುವುದು 40. ತೂಕ ಎರಡರದೂ ಹೆಚ್ಚುಕಡಿಮೆ ಒಂದೇ, 199 ಮತ್ತು 196 ಕಿಲೋ. ಆದರೆ ಬರೀ ಶಕ್ತಿಯ ಅಂಕಿ ನೋಡಿ ತೀರ್ಮಾನಿಸುವುದು ಸರಿಯಲ್ಲ. 411ರ 32 ನ್ಯೂಟನ್ ಮೀಟರಿನ ಎಳೆತ 4,000ದಿಂದ 4,500 ಆರ್‌ಪಿಎಂನ ನಡುವೆ ಪೂರ್ತಿ ಸಿಗುತ್ತದೆ. 450ರ 40 ನ್ಯೂಟನ್ ಮೀಟರ್ ಸಿಗುವುದು 5,500ರಲ್ಲಿ. ದೇವರಾಯನದುರ್ಗದ ಏರುದಾರಿಯ ತಿರುವುಗಳಲ್ಲಿ ಈ ಅಂಕಿಗಳ ಅರ್ಥ ಕಾಲಿಗೂ ಕೈಗೂ ತಿಳಿಯುತ್ತದೆ. ಅಲ್ಲಿ 411 ಎರಡನೆಯ ಗೇರಿನಲ್ಲೇ ನಿಧಾನವಾಗಿ ಗುಡುಗುತ್ತಾ ತಿರುವು ಮುಗಿಸಿ ಮೇಲೇರುತ್ತದೆ, ಗೇರ್ ಬದಲಿಸುವ ಅವಸರ ಬೀಳುವುದಿಲ್ಲ. 450 ಅದೇ ತಿರುವಿನಲ್ಲಿ ಆರ್‌ಪಿಎಂ ಕೆಳಗೆ ಬಿದ್ದರೆ ತಡವರಿಸುತ್ತದೆ, ಒಂದು ಗೇರ್ ಇಳಿಸಿ ಎಂಜಿನ್ನನ್ನು ಮೇಲಕ್ಕೆ ತಂದುಕೊಂಡರೆ ಮಾತ್ರ ತನ್ನ ನಿಜವಾದ ಬಲ ತೋರಿಸುತ್ತದೆ. ಬುಲೆಟ್ ಓಡಿಸಿ ರೂಢಿಯಾದ ಕೈಗೆ ಇದು ಮೊದಲು ವಿಚಿತ್ರವೆನಿಸುತ್ತದೆ, ರೂಢಿಯಾದ ಮೇಲೆ ಹಿಂದಕ್ಕೆ ಹೋಗಲು ಮನಸ್ಸು ಬರುವುದಿಲ್ಲ.

ಹೆದ್ದಾರಿಯಲ್ಲಿ ಮಾತು ತಿರುಗುತ್ತದೆ. ತುಮಕೂರಿನಿಂದ ಶಿರಾ, ಚಿತ್ರದುರ್ಗದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ 411 ಗಂಟೆಗೆ 90 ಕಿಲೋಮೀಟರಿನವರೆಗೆ ನೆಮ್ಮದಿಯಾಗಿ ಓಡುತ್ತದೆ. 100 ದಾಟಿದ ಮೇಲೆ ಫುಟ್‌ರೆಸ್ಟಿನಲ್ಲಿ ನಡುಕ ಶುರುವಾಗುತ್ತದೆ, ಲಾರಿಯನ್ನು ಹಿಂದಿಕ್ಕಲು ಮುಂಚೆಯೇ ಅಂದಾಜು ಮಾಡಿಕೊಳ್ಳಬೇಕಾಗುತ್ತದೆ. ಹಿಂದೆ ಹೆಂಡತಿ ಅಥವಾ ಗೆಳೆಯ ಕುಳಿತು, ಎರಡೂ ಬದಿಗೆ ಬ್ಯಾಗು ಕಟ್ಟಿದಾಗಲಂತೂ ಈ ಕೊರತೆ ಎದ್ದು ಕಾಣುತ್ತದೆ. 450ಕ್ಕೆ ಅದೇ ಭಾರ, ಅದೇ ವೇಗ ಸಲೀಸು. ಅದರ ಮುಂದಿನ ಡಿಸ್ಕ್ 320 ಮಿಲಿಮೀಟರಿನದು, 411ರದು 300; ಭಾರ ಹೊತ್ತು ಇಳಿಜಾರಿನಲ್ಲಿ ಬರುವಾಗ ಬ್ರೇಕಿನ ಈ ವ್ಯತ್ಯಾಸವನ್ನು ನಾನು ಶಕ್ತಿಯ ವ್ಯತ್ಯಾಸಕ್ಕಿಂತ ಮೇಲಿನದೆಂದು ಎಣಿಸುತ್ತೇನೆ.

450ರ ಎದುರು ಹೇಳಬೇಕಾದ ಮಾತುಗಳೂ ಇವೆ. ಸೀಟಿನ ಎತ್ತರ 825 ಮಿಲಿಮೀಟರ್, ಬೇಕಾದರೆ 845ಕ್ಕೆ ಏರಿಸಬಹುದು. ಐದು ಅಡಿ ನಾಲ್ಕಿಂಚಿನವರಿಗೆ ಎರಡೂ ಪಾದ ಊರುವುದು ಕಷ್ಟ. ಬಿಡಿಭಾಗ ಕೆಟ್ಟರೆ ಪಾವಗಡದ ದಾರಿಬದಿಯ ಮೆಕ್ಯಾನಿಕ್ ಮಾಡಬಹುದಾದ ಕೆಲಸ ಕಡಿಮೆ, ಕೂಲಂಟ್ ಸೋರಿದರೂ ಸೆನ್ಸರ್ ಕೈಕೊಟ್ಟರೂ ಕಂಪನಿಯ ಸರ್ವಿಸ್ ಸೆಂಟರಿಗೇ ತರಬೇಕು. 411ರ ಟ್ಯಾಪೆಟ್ ಅನ್ನು, ಅಂದರೆ ಎಂಜಿನ್ ವಾಲ್ವುಗಳ ಸಂದನ್ನು, ಸ್ಪ್ಯಾನರ್ ಮತ್ತು ಫೀಲರ್ ಗೇಜ್ ಇರುವ ಯಾವ ಅನುಭವಿಯಾದರೂ ಸರಿಮಾಡುತ್ತಾನೆ. ಮಧುಗಿರಿ, ಪಾವಗಡ, ವೈ.ಎನ್. ಹೊಸಕೋಟೆಯ ಕಡೆಗೆ ವಾರಕ್ಕೊಮ್ಮೆ ಕೆಲಸದ ಮೇಲೆ ಓಡಾಡುವವರಿಗೆ ಇದು ಸಣ್ಣ ವಿಷಯವಲ್ಲ.

ಪಂಕ್ಚರಿನ ಮಾತನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. 411ರ ಎಲ್ಲ ಗಾಡಿಗಳಿಗೂ, ಮೊದಮೊದಲು ಬಂದ 450ಕ್ಕೂ, ಕಡ್ಡಿ ಚಕ್ರ ಮತ್ತು ಟ್ಯೂಬ್ ಇರುವ ಟೈರು. ಪಂಕ್ಚರ್ ಆದರೆ ಚಕ್ರ ಬಿಚ್ಚಲೇಬೇಕು. 2024ರಲ್ಲಿ 450ಕ್ಕೆ ಟ್ಯೂಬ್‌ಲೆಸ್ ಕಡ್ಡಿ ಚಕ್ರಗಳು ದೊರೆಯಲಾರಂಭಿಸಿದವು. 450 ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳುವವರು ಅದು ಯಾವ ಚಕ್ರದ್ದು ಎಂದು ಕೇಳಿಯೇ ಬೆಲೆ ಮಾತಾಡಬೇಕು, ಏಕೆಂದರೆ ಆಮೇಲೆ ಎರಡೂ ಚಕ್ರ ಬದಲಿಸುವುದು ಅಗ್ಗದ ಕೆಲಸವಲ್ಲ. 2024ರ ಜುಲೈನಲ್ಲಿ ಇದೇ 452 ಸಿಸಿ ಎಂಜಿನ್ ಹೊತ್ತು ಬಂದ ಗೆರಿಲ್ಲಾ 450 ಬಗ್ಗೆ ಇಷ್ಟು ಸಾಕು: ಅದರ ಟ್ಯಾಂಕು 11 ಲೀಟರಿನದು, ಚಕ್ರಗಳೆರಡೂ 17 ಇಂಚಿನವು, ಅದು ಬೇರೆ ಉದ್ದೇಶದ ಗಾಡಿ.

ತೆರಿಗೆ ಮತ್ತು ವಿಮೆ

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು, ಅದಕ್ಕೂ ದೊಡ್ಡ ಎಂಜಿನ್ನಿನವಕ್ಕೆ ಶೇಕಡಾ 40 ಆಯಿತು. ಅಂದರೆ ಹೊಸ 450 ಮತ್ತು ಸ್ಕ್ರ್ಯಾಮ್ 440 ಕೊಳ್ಳುವವರು ಹೆಚ್ಚಿನ ದರದ ಗುಂಪಿಗೆ ಬೀಳುತ್ತಾರೆ. ವಿಮೆಯಲ್ಲೂ ಹಾಗೆಯೇ: 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ದರ 150ರಿಂದ 350 ಸಿಸಿಯ ಬೈಕಿಗೆ ವರ್ಷಕ್ಕೆ 1,366 ರೂಪಾಯಿ, 350 ಸಿಸಿ ದಾಟಿದರೆ 2,804 ರೂಪಾಯಿ. ಸೆಕೆಂಡ್ ಹ್ಯಾಂಡ್ 411ಕ್ಕೆ ಈ ವಿಮೆಯ ಹೊರೆ ತಪ್ಪದು, ಹೊಸ ಗಾಡಿಯ ತೆರಿಗೆಯ ಹೊರೆ ಮಾತ್ರ ತಪ್ಪುತ್ತದೆ. ಹಳ್ಳಿಯ ಮಣ್ಣುದಾರಿಗೆ ಇಳಿಯದೆ, ತಿಪಟೂರು, ಅರಸೀಕೆರೆ ದಾಟಿ ಮಲೆನಾಡಿನವರೆಗೆ ಡಾಂಬರು ರಸ್ತೆಯಲ್ಲೇ ಆರಾಮವಾಗಿ ಹೋಗಿಬರುವವರು ಈ ಬಳಗವನ್ನೇ ಬಿಟ್ಟು ಇದೇ ಕಂಪನಿಯ 349 ಸಿಸಿಯ ಮೀಟಿಯರ್ ಕಡೆ ನೋಡಬಹುದು. ಅದರ ಸೀಟು 765 ಮಿಲಿಮೀಟರ್ ಎತ್ತರದ್ದು, ಚಕ್ರ ಅಲಾಯ್, ಟೈರು ಟ್ಯೂಬ್‌ಲೆಸ್, ಟ್ಯಾಂಕು 411ರಷ್ಟೇ, 15 ಲೀಟರ್.

ನನ್ನ ಆಯ್ಕೆ

ತುಮಕೂರು ಜಿಲ್ಲೆಯಲ್ಲಿದ್ದು, ಒಬ್ಬರೇ ಸವಾರಿ ಮಾಡುತ್ತಾ, ಬೆಟ್ಟದ ದಾರಿ ಹಳ್ಳಿಯ ದಾರಿ ಎರಡನ್ನೂ ತುಳಿಯುವವರಿಗೆ ನಾನು ಹೇಳುವುದು 2021ರ ನಂತರದ ಬಿಎಸ್-6 ಹಿಮಾಲಯನ್ 411. ಅದರಲ್ಲಿ ಎಬಿಎಸ್ ಇದೆ, ಮೊಣಕಾಲಿಗೆ ಜಾಗ ಇದೆ, ಲೀಟರಿಗೆ 30 ಕಿಲೋಮೀಟರಿನ ಆಸುಪಾಸಿನಲ್ಲಿ ಪಾವಗಡಕ್ಕೆ ಹೋಗಿಬಂದರೂ ಟ್ಯಾಂಕಿನಲ್ಲಿ ಅರ್ಧ ಉಳಿಯುತ್ತದೆ. ಇಬ್ಬರು ಕೂತು ಸಾಮಾನಿನೊಂದಿಗೆ ಚಾರ್ಮಾಡಿ ಘಾಟಿಯಾಚೆಗೋ ಹಂಪಿಯಾಚೆಗೋ ಪದೇ ಪದೇ ಹೋಗುವವರು, ಎತ್ತರವೂ ಸಾಕಷ್ಟಿರುವವರು, ಸಾಲ ಮಾಡಿಯಾದರೂ 450ಕ್ಕೇ ಹೋಗುವುದು ಸರಿ. 411 ಕೊಂಡು ವರ್ಷದೊಳಗೆ ಮಾರಿದರೆ ನಷ್ಟವೇ ಹೆಚ್ಚು. ವಾರಪೂರ್ತಿ ಊರೊಳಗೆ ಓಡಿಸಿ, ಭಾನುವಾರ ಸಿದ್ಧರಬೆಟ್ಟದವರೆಗೆ ಹೋಗಿಬಂದರೆ ಸಾಕೆನ್ನುವವರಿಗೆ ಸ್ಕ್ರ್ಯಾಮ್ ಒಪ್ಪುತ್ತದೆ. ಎಬಿಎಸ್ ಇಲ್ಲದ 411 ಎಷ್ಟೇ ಅಗ್ಗವಾಗಿ ಸಿಕ್ಕರೂ ಮಳೆಗಾಲದ ಘಾಟಿ ರಸ್ತೆಗೆ ಅದನ್ನು ಕೊಳ್ಳಬೇಡಿ ಎಂದು ಒತ್ತಿ ಹೇಳುತ್ತೇನೆ.

ಯಾವ 411 ಆರಿಸಿದರೂ ದುಡ್ಡು ಕೊಡುವ ಮುಂಚೆ ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್, ನೋಡಲೇಬೇಕು. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಜೊತೆಗಿರುವವರಿಗೆ ಹಿಂದಿನ ಕ್ಯಾರಿಯರನ್ನು ಕೆಳಗೆ ಒತ್ತಿ ಹಿಡಿಯಲು ಹೇಳಿದರೆ ಮುಂಚಕ್ರ ಮೇಲೇಳುತ್ತದೆ. ಫೋರ್ಕಿನ ಕೆಳತುದಿಗಳನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಟಕ್ ಎಂದು ಸಡಿಲು ತಿಳಿದರೆ ಕೋನ್‌ಸೆಟ್ ಬಿಗಿ ಮಾಡಬೇಕು ಇಲ್ಲವೆ ಬದಲಿಸಬೇಕು. ನಂತರ ಹ್ಯಾಂಡಲನ್ನು ಒಂದೇ ಬೆರಳಿನಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ತಿರುಗಿಸಿ. ನೇರಕ್ಕೆ ಬಂದಾಗ ಗುಳಿಗೆ ಬಿದ್ದಂತೆ ತಡೆದು ನಿಂತರೆ ಒಳಗಿನ ಬಾಲ್‌ಗಳು ಕೂತುಬಿಟ್ಟಿವೆ ಎಂದರ್ಥ. ಚಕ್ರ ಮೇಲಿರುವಾಗಲೇ ಅದನ್ನು ತಿರುಗಿಸಿ ರಿಮ್ ಬಾಗಿದೆಯೇ ನೋಡಿ, ಸಣ್ಣ ಸ್ಪ್ಯಾನರಿನಿಂದ ಒಂದೊಂದೇ ಕಡ್ಡಿಯನ್ನು ತಟ್ಟಿ. ಸಡಿಲಾದ ಕಡ್ಡಿ ಮಂಕಾಗಿ ಸದ್ದು ಮಾಡುತ್ತದೆ. ಫೋರ್ಕಿನ ಹೊಳೆಯುವ ಭಾಗದಲ್ಲಿ ಎಣ್ಣೆಯ ಗೆರೆ ಕಂಡರೆ ಆಯಿಲ್ ಸೀಲ್ ಹೋಗಿದೆ. ಇವೆಲ್ಲ ಸರಿಮಾಡಬಲ್ಲ ದೋಷಗಳು, ಖರ್ಚನ್ನು ಬೆಲೆಯಲ್ಲಿ ಕಳೆದುಕೊಡಲು ಕೇಳಬಹುದು. ಕಾಗದಪತ್ರದ ದೋಷ ಹಾಗಲ್ಲ. ಗಾಡಿಯ ಮೇಲೆ ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೈಗೆ ಬರುವವರೆಗೆ, ಮಾರುವವರ ಸಹಿಯಿರುವ ಫಾರ್ಮ್ 29 ಮತ್ತು 30 ಸಿಗುವವರೆಗೆ, ಪೂರ್ತಿ ಹಣ ಕೊಡಬಾರದು.